ರಾಬರ್ಟ್ ಚೇಂಬರ್ಸ್ ತನ್ನ ಅತಿ ಮುಖ್ಯ ಪುಸ್ತಕಕ್ಕೆ ಹೆಸರು ಹಾಕದೆ ಹೋದದ್ದೇಕೆ?

ಕುತೂಹಲಿ (ಪ್ರಶ್ನೆ):

ವಿಕಾಸವಾದದ ಇತಿಹಾಸವನ್ನು ಹೇಳುವ ಬರಹಗಳಲ್ಲಿ ಒಂದು ಪುಸ್ತಕದ ಪ್ರಸ್ತಾಪ ಒಂದೆರಡು ಸಾಲುಗಳಲ್ಲಿ ಬಂದು ಹೋಗುತ್ತದೆ. ಡಾರ್ವಿನ್ನನ ಗ್ರಂಥಕ್ಕಿಂತ ಹದಿನೈದು ವರ್ಷ ಮೊದಲು, 1844ರ ಅಕ್ಟೋಬರಿನಲ್ಲಿ, ಲಂಡನ್ನಿನಲ್ಲಿ ಲೇಖಕನ ಹೆಸರಿಲ್ಲದೆ ಹೊರಬಂದ ‘ವೆಸ್ಟಿಜಸ್ ಆಫ್ ದ ನ್ಯಾಚುರಲ್ ಹಿಸ್ಟರಿ ಆಫ್ ಕ್ರಿಯೇಷನ್’ ಆ ಪುಸ್ತಕ. ‘ಸೃಷ್ಟಿಯ ನೈಸರ್ಗಿಕ ಚರಿತ್ರೆಯ ಕುರುಹುಗಳು’ ಎಂದು ಕನ್ನಡದಲ್ಲಿ ಹೇಳಿಕೊಳ್ಳಬಹುದು. ಅದನ್ನು ಬರೆದವನು ಎಡಿನ್‌ಬರೋದ ಪ್ರಕಾಶಕ ರಾಬರ್ಟ್ ಚೇಂಬರ್ಸ್ (1802–1871) ಎಂಬುದು ಈಗ ಗುಟ್ಟೇನೂ ಅಲ್ಲ.

ನನಗೆ ಬಗೆಹರಿಯದಿರುವುದು ಇಷ್ಟು. ಈ ಮನುಷ್ಯನ ಇಡೀ ಬದುಕು ತನ್ನ ಹೆಸರನ್ನು ಪುಸ್ತಕಗಳ ಮೇಲೆ ಅಚ್ಚು ಹಾಕುವುದರಲ್ಲೇ ಕಳೆಯಿತು. ಅವನ ವಾರಪತ್ರಿಕೆಗೆ ಅವನ ಮನೆತನದ ಹೆಸರು, ವಿಶ್ವಕೋಶಕ್ಕೆ ಅದೇ ಹೆಸರು, ಶಾಲಾಪಠ್ಯಗಳಿಗೂ ಅದೇ. ಹೀಗಿರುವಾಗ ಅತಿ ಹೆಚ್ಚು ಗದ್ದಲ ಎಬ್ಬಿಸಿದ ಒಂದು ಪುಸ್ತಕಕ್ಕೆ ಮಾತ್ರ ಅವನು ಸಾಯುವವರೆಗೂ ತನ್ನ ಹೆಸರನ್ನು ಸೇರಿಸಲಿಲ್ಲ. ಇದು ಅಂಜಿಕೆಯೇ, ಲೆಕ್ಕಾಚಾರವೇ? ಇನ್ನೊಂದು ಪ್ರಶ್ನೆಯನ್ನೂ ಇದರ ಜೊತೆಗೇ ಕೇಳಿಬಿಡುತ್ತೇನೆ: ಅವನನ್ನು ನಿಸರ್ಗಶಾಸ್ತ್ರಜ್ಞ ಎಂದು ಕರೆಯುವುದು ನ್ಯಾಯವೇ, ಅಥವಾ ಬೇರೆಯವರ ವಿಜ್ಞಾನವನ್ನು ಚೆಂದವಾಗಿ ಹೇಳಬಲ್ಲ ಒಬ್ಬ ಪತ್ರಕರ್ತ ಎನ್ನುವುದೇ ಸರಿಯೇ? ಅವನ ಜೀವನವನ್ನು ಬಲ್ಲವರು ಸ್ವಲ್ಪ ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಹಳೆಹೊತ್ತಗೆ:

ಎರಡು ಪ್ರಶ್ನೆಗಳಿಗೂ ಉತ್ತರ ಅವನ ಬಾಲ್ಯದಿಂದಲೇ ಹೊರಡುತ್ತದೆ ಎಂದು ನನ್ನ ಅನಿಸಿಕೆ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ರಾಬರ್ಟ್ ಹುಟ್ಟಿದ್ದು 1802ರ ಜುಲೈ 10ರಂದು, ದಕ್ಷಿಣ ಸ್ಕಾಟ್ಲೆಂಡಿನ ಟ್ವೀಡ್ ನದಿಯ ದಡದ ಪೀಬಲ್ಸ್ ಎಂಬ ಸಣ್ಣ ಪಟ್ಟಣದಲ್ಲಿ. ಅಣ್ಣ ವಿಲಿಯಂ ಅವನಿಗಿಂತ ಎರಡು ವರ್ಷ ದೊಡ್ಡವನು. ಅಣ್ಣತಮ್ಮಂದಿರಿಬ್ಬರೂ ಕೈಗೆ ಆರಾರು ಬೆರಳು, ಕಾಲಿಗೆ ಆರಾರು ಬೆರಳು ಇಟ್ಟುಕೊಂಡೇ ಹುಟ್ಟಿದರು. ಹೆಚ್ಚಿನ ಬೆರಳುಗಳನ್ನು ಶಸ್ತ್ರಕ್ರಿಯೆ ಮಾಡಿ ತೆಗೆಸಲಾಯಿತು. ವಿಲಿಯಂಗೆ ಅದರಿಂದ ಏನೂ ತೊಂದರೆಯಾಗಲಿಲ್ಲ. ರಾಬರ್ಟನ ಪಾದಗಳ ಗಾಯ ಮಾತ್ರ ಸರಿಯಾಗಿ ಕೂಡಿಕೊಳ್ಳದೆ, ಅವನು ಬಾಲ್ಯವಿಡೀ ಕುಂಟುತ್ತಲೇ ನಡೆಯಬೇಕಾಯಿತು. ಓರಗೆಯ ಹುಡುಗರು ಬೀದಿಯಲ್ಲಿ ಓಡಿಯಾಡುತ್ತಿದ್ದಾಗ ಇವನಿಗೆ ಉಳಿದದ್ದು ಪುಸ್ತಕ. ತಂದೆ ಜೇಮ್ಸ್ ಚೇಂಬರ್ಸ್ ಹತ್ತಿಬಟ್ಟೆಯ ವ್ಯಾಪಾರಿ, ಕೈಮಗ್ಗದವರಿಗೆ ನೂಲು ಕೊಟ್ಟು ಬಟ್ಟೆ ನೇಯಿಸುತ್ತಿದ್ದವನು, ಓದಿನ ರುಚಿಯುಳ್ಳವನು. ಅವನು ಕೊಂಡು ತಂದ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದ ಸಂಪುಟಗಳು ಮನೆಯ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಬಿದ್ದಿದ್ದವು. ರಾಬರ್ಟ್ ಅವನ್ನು ಪತ್ತೆಹಚ್ಚಿ, ಖಗೋಳ, ಭೂಗೋಳ, ಪ್ರಾಣಿ, ಸಸ್ಯ ಎಂಬ ಭೇದವಿಲ್ಲದೆ ಓದಿಕೊಂಡ. ಮುಂದೆ ಅವನು ಬರೆದ ಪುಸ್ತಕ ನಕ್ಷತ್ರಗಳಿಂದ ಹೊರಟು ಮನುಷ್ಯನ ಮನಸ್ಸಿನವರೆಗೆ ಒಂದೇ ಉಸಿರಿನಲ್ಲಿ ಸಾಗುತ್ತದೆ. ಅದರ ಧಾಟಿಯನ್ನು ನೋಡಿದಾಗಲೆಲ್ಲ ನನಗೆ ಆ ಅಟ್ಟದ ಪೆಟ್ಟಿಗೆ ನೆನಪಾಗುತ್ತದೆ.

ಮನೆತನ ದಿವಾಳಿಯಾದದ್ದಕ್ಕೆ ಎರಡು ಕಾರಣ. ಯಂತ್ರಮಗ್ಗಗಳು ಬಂದು ಕೈಮಗ್ಗದ ವ್ಯಾಪಾರವನ್ನು ನುಂಗತೊಡಗಿದ್ದು ಒಂದು. ನೆಪೋಲಿಯನ್ ಯುದ್ಧದ ಕಾಲದಲ್ಲಿ ಓಡಿಹೋಗುವುದಿಲ್ಲವೆಂದು ಮಾತು ಪಡೆದು ಪೀಬಲ್ಸ್‌ನಲ್ಲಿರಿಸಿದ್ದ, ಸೆರೆಸಿಕ್ಕ ಫ್ರೆಂಚ್ ಸೇನಾಧಿಕಾರಿಗಳಿಗೆ ಜೇಮ್ಸ್ ಧಾರಾಳವಾಗಿ ಬಟ್ಟೆ ಸಾಲ ಕೊಟ್ಟದ್ದು ಇನ್ನೊಂದು. ಅವರನ್ನು ಬೇರೆಡೆಗೆ ಸಾಗಿಸಿದಾಗ ಸಾಲವೂ ಅವರೊಂದಿಗೇ ಹೋಯಿತು. 1813ರಲ್ಲಿ ಕುಟುಂಬ ಎಡಿನ್‌ಬರೋ ಸೇರಿತು. ವಿಲಿಯಂ ವಾರಕ್ಕೆ ನಾಲ್ಕು ಶಿಲಿಂಗಿಗೆ ಪುಸ್ತಕದಂಗಡಿಯೊಂದರಲ್ಲಿ ಐದು ವರ್ಷದ ಕಲಿಕೆಗೆ ನಿಂತ. ಆಗಿನ ಒಂದು ಪ್ರಸಂಗವನ್ನು ಅವನೇ ನೆನಪಿಸಿಕೊಂಡಿದ್ದಾನೆ: ಬೆಳಗಿನ ಜಾವ ಐದಕ್ಕೆಲ್ಲ ಒಬ್ಬ ಬ್ರೆಡ್ ಮಾಡುವವನ ನೆಲಮಾಳಿಗೆಗೆ ಹೋಗಿ, ಅವರು ಹಿಟ್ಟು ನಾದುತ್ತಿರುವಾಗ ಕಾದಂಬರಿಗಳನ್ನು ಗಟ್ಟಿಯಾಗಿ ಓದಿ ಹೇಳಿದರೆ ಕೂಲಿಯಾಗಿ ಒಂದು ಬಿಸಿ ರೊಟ್ಟಿಯುಂಡೆ ಸಿಗುತ್ತಿತ್ತು. ದುಡಿಯುವ ಜನ ಓದಲಾರರು ಎಂಬ ಮಾತನ್ನು ಆ ಅಣ್ಣತಮ್ಮಂದಿರು ಎಂದೂ ನಂಬದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ.

ರಾಬರ್ಟನನ್ನು ಪಾದ್ರಿ ಮಾಡಬೇಕೆಂಬ ಆಸೆ ಮನೆಯವರಿಗಿತ್ತು. ಹಣ ಸಾಲದೆ ಓದು ನಿಂತಿತು. 1818ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ತನ್ನ ಶಾಲಾಪುಸ್ತಕಗಳನ್ನೂ ಮನೆಯಲ್ಲಿ ಉಳಿದಿದ್ದ ಹಳೆಯ ಪುಸ್ತಕಗಳನ್ನೂ ಹೊತ್ತು ತಂದು, ಎಡಿನ್‌ಬರೋದಿಂದ ಬಂದರಿಗೆ ಹೋಗುವ ಲೀತ್ ವಾಕ್ ರಸ್ತೆಯಲ್ಲಿ ಅವನು ಅಂಗಡಿ ತೆರೆದ. ಮರುವರ್ಷ ವಿಲಿಯಂ ಅದೇ ರಸ್ತೆಯಲ್ಲಿ ಇನ್ನೊಂದು ಅಂಗಡಿ ಇಟ್ಟು, ಮೂರು ಪೌಂಡಿಗೆ ಹಳೆಯದೊಂದು ಕೈಮುದ್ರಣಯಂತ್ರವನ್ನು ಕೊಂಡ. ಅದು ಕಿರುಗುಟ್ಟುವ ಸದ್ದು ಅಕ್ಕಪಕ್ಕದ ಮನೆಗಳಿಗೂ ಕೇಳಿಸುತ್ತಿತ್ತು. ದೊಡ್ಡ ಅಕ್ಷರಗಳು ಬೇಕಾದಾಗ ವಿಲಿಯಂ ಅವನ್ನು ಮರದಲ್ಲಿ ಕೊರೆದುಕೊಳ್ಳುತ್ತಿದ್ದ. ತಮ್ಮ ಬರೆಯುವುದು, ಅಣ್ಣ ಮೊಳೆ ಜೋಡಿಸಿ ಅಚ್ಚು ಹಾಕುವುದು: ಎಡಿನ್‌ಬರೋ ನಗರದ ಹಳೆಯ ಓಣಿಗಳ, ಹಳೆಯ ಮನೆಗಳ, ಅಲ್ಲಿ ಬಾಳಿದ ವಿಚಿತ್ರ ಜನರ ಕಥೆಗಳನ್ನು ಒಟ್ಟುಮಾಡಿದ ‘ಟ್ರೆಡಿಷನ್ಸ್ ಆಫ್ ಎಡಿನ್‌ಬರೋ’ ಹೀಗೆಯೇ ಹುಟ್ಟಿತು. ಸರ್ ವಾಲ್ಟರ್ ಸ್ಕಾಟ್ ಅದನ್ನು ಮೆಚ್ಚಿದ್ದಷ್ಟೇ ಅಲ್ಲ, ತನ್ನ ನೆನಪುಗಳನ್ನೂ ಒದಗಿಸಿದ. ಇಪ್ಪತ್ತೆರಡರ ಹುಡುಗನಿಗೆ ಅದು ಸಣ್ಣ ಗೌರವವಲ್ಲ.

ಮುಂದಿನದು ಪ್ರಸಿದ್ಧವೇ. 1832ರ ಫೆಬ್ರವರಿ 4ರಂದು ವಿಲಿಯಂ ಆರಂಭಿಸಿದ ‘ಚೇಂಬರ್ಸಸ್ ಎಡಿನ್‌ಬರೋ ಜರ್ನಲ್’ ವಾರಪತ್ರಿಕೆಯ ಬೆಲೆ ಒಂದೂವರೆ ಪೆನ್ನಿ. ತೆರಿಗೆಯ ಮುದ್ರೆ ಹೊತ್ತ ಸುದ್ದಿಪತ್ರಿಕೆಗಳು ಆಗ ಏಳು ಪೆನ್ನಿಯಷ್ಟು ಬಾಳುತ್ತಿದ್ದವು. ಸುದ್ದಿಯನ್ನೇ ಹಾಕದಿದ್ದರೆ ತೆರಿಗೆಯೂ ಇಲ್ಲ ಎಂಬುದು ಇವರ ಉಪಾಯ. ಹದಿನಾಲ್ಕನೆಯ ಸಂಚಿಕೆಯ ಹೊತ್ತಿಗೆ ರಾಬರ್ಟ್ ಜಂಟಿ ಸಂಪಾದಕನಾದ, ಡಬ್ಲ್ಯೂ. ಅಂಡ್ ಆರ್. ಚೇಂಬರ್ಸ್ ಎಂಬ ಸಂಸ್ಥೆ ನಿಂತಿತು. ಕೆಲವೇ ವರ್ಷಗಳಲ್ಲಿ ಪ್ರಸಾರ ಐವತ್ತು ಸಾವಿರ ಮುಟ್ಟಿತು. ಹಬೆಯಂತ್ರದ ಮುದ್ರಣವನ್ನೂ, ಜೋಡಿಸಿದ ಪುಟವನ್ನು ಲೋಹದ ತಗಡಾಗಿ ಎರಕ ಹೊಯ್ದಿಡುವ ವಿಧಾನವನ್ನೂ ಅಷ್ಟು ದೊಡ್ಡ ಪ್ರಮಾಣದಲ್ಲಿ ಅಗ್ಗದ ಓದಿಗಾಗಿ ದುಡಿಸಿಕೊಂಡವರಲ್ಲಿ ಇವರು ಮೊದಲಿಗರು.

ಅಚ್ಚುಮೊಳೆ:

ಹಳೆಹೊತ್ತಗೆಯವರು ಪ್ರಕಾಶಕನ ಕಥೆಯನ್ನು ಇಲ್ಲಿಗೆ ತಂದು ನಿಲ್ಲಿಸಿದ್ದು ಒಳ್ಳೆಯದಾಯಿತು, ಏಕೆಂದರೆ ಗುಟ್ಟಿನ ಕೀಲಿಕೈ ಇರುವುದೇ ಅಲ್ಲಿ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಹೆಸರು ಮುಚ್ಚಿಟ್ಟದ್ದು ಪುಕ್ಕಲುತನವಲ್ಲ, ಅಚ್ಚಿನ ಮನೆಯಲ್ಲಿ ಬೆಳೆದವನೊಬ್ಬ, ಹೆಸರೆಂಬುದು ಸರಕಿನ ಮೇಲಿನ ಮುದ್ರೆ ಎಂದು ಚೆನ್ನಾಗಿ ಬಲ್ಲವನೊಬ್ಬ, ಲೆಕ್ಕ ಹಾಕಿ ಮಾಡಿದ ಕೆಲಸ.

ಚೇಂಬರ್ಸ್ ಎಂಬ ಹೆಸರಿನ ಬಂಡವಾಳವೇ ನಿರುಪದ್ರವಿತನ. ಪತ್ರಿಕೆಯಲ್ಲಿ ಪಕ್ಷರಾಜಕೀಯ ಇಲ್ಲ, ಮತಪಂಥಗಳ ಜಗಳ ಇಲ್ಲ. ಅಷ್ಟಕ್ಕೇ ಕೆಲವು ಪಾದ್ರಿಗಳು, ಧರ್ಮದ ಮಾತೇ ಇಲ್ಲದ ಪತ್ರಿಕೆ ಇದು ಎಂದು ಗೊಣಗಿದ್ದುಂಟು. 1835ರಿಂದ ಸಂಸ್ಥೆ ಶಾಲಾಪಠ್ಯಗಳ ಮಾಲೆಯನ್ನೂ ಹೊರತರುತ್ತಿತ್ತು. ಶಾಲೆಗಳು ಚರ್ಚಿನ ನೆರಳಿನಲ್ಲಿದ್ದವು. ಅದರ ಮೇಲೆ, 1843ರ ಮೇ ತಿಂಗಳಲ್ಲಿ ಸ್ಕಾಟ್ಲೆಂಡಿನ ಚರ್ಚ್ ಎರಡಾಗಿ ಒಡೆದು, ನೂರಾರು ಪಾದ್ರಿಗಳು ಹೊರನಡೆದು ಫ್ರೀ ಚರ್ಚ್ ಕಟ್ಟಿದ್ದರು. ಎಡಿನ್‌ಬರೋದ ಮನೆಮನೆಯಲ್ಲೂ ಧರ್ಮಶ್ರದ್ಧೆಯ ಕಾವು ಏರಿದ್ದ ಹೊತ್ತಿನಲ್ಲಿ, ಗ್ರಹಗಳೂ ಪ್ರಾಣಿಗಳೂ ಮನುಷ್ಯನೂ ದೇವರ ಬಿಡಿಬಿಡಿ ಸೃಷ್ಟಿಗಳಲ್ಲ, ಒಂದೇ ನಿಯಮದಡಿ ಒಂದರಿಂದ ಒಂದು ಬೆಳೆದು ಬಂದವು ಎಂದು ಬರೆದವನ ಹೆಸರು ಶಾಲಾಪಠ್ಯದ ಮುಖಪುಟದಲ್ಲಿದ್ದರೆ ಏನಾಗುತ್ತಿತ್ತು ಎಂದು ಊಹಿಸುವುದು ಕಷ್ಟವಲ್ಲ. ಬೀಳುತ್ತಿದ್ದುದು ಒಬ್ಬನ ಮಾನವಲ್ಲ, ಅಣ್ಣನ ಪಾಲು, ಅಚ್ಚಿನ ಮನೆಯ ಕೆಲಸಗಾರರ ಕೂಲಿ ಎಲ್ಲವೂ.

ಗುಟ್ಟನ್ನು ಕಾಪಾಡಿದ ರೀತಿಯನ್ನು ಹತ್ತಿರದಿಂದ ನೋಡಬೇಕು. ರಾಬರ್ಟನ ಅಕ್ಷರ ಬಹಳ ಸುಂದರ. 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ಎಡಿನ್‌ಬರೋಗೆ ಬಂದಾಗ ಸಲ್ಲಿಸಿದ ಬಿನ್ನವತ್ತಳೆಗಳನ್ನು ಬರೆದುಕೊಟ್ಟು ಅವನು ಹಣ ಸಂಪಾದಿಸಿದ್ದ. ಅಂದರೆ ಅವನ ಕೈಬರಹ ಊರಿಗೆ ಪರಿಚಿತ. ಮುದ್ರಣಾಲಯದಲ್ಲಿ ಮೊಳೆ ಜೋಡಿಸುವವನು ಕೈಬರಹವನ್ನು ಮುಖದಂತೆ ಗುರುತಿಸುತ್ತಾನೆ ಎಂಬುದು ಇವನಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು? ಆದ್ದರಿಂದ ಅವನು 1841ರ ಸುಮಾರಿಗೆ ಎಡಿನ್‌ಬರೋ ಬಿಟ್ಟು ಸೇಂಟ್ ಆ್ಯಂಡ್ರೂಸ್‌ಗೆ ಹೋಗಿ ನೆಲಸಿ, ಅಲ್ಲಿ ಪುಸ್ತಕ ಬರೆದ. ಹೆಂಡತಿ ಆ್ಯನ್ ಇಡೀ ಹಸ್ತಪ್ರತಿಯನ್ನು ತನ್ನ ಕೈಯಿಂದ ನಕಲು ಮಾಡಿದಳು. ಆ ನಕಲು ಮ್ಯಾಂಚೆಸ್ಟರಿನಲ್ಲಿದ್ದ ಗೆಳೆಯ ಅಲೆಕ್ಸಾಂಡರ್ ಐರ್ಲೆಂಡ್‌ಗೆ, ಅವನಿಂದ ಲಂಡನ್ನಿನ ಪ್ರಕಾಶಕ ಜಾನ್ ಚರ್ಚಿಲ್‌ಗೆ. ಕರಡುಗಳು ಹಿಂದಿರುಗುತ್ತಿದ್ದುದೂ ಅದೇ ದಾರಿಯಲ್ಲಿ. ವೈದ್ಯಕೀಯ ಪುಸ್ತಕಗಳಿಗೆ ಹೆಸರಾಗಿದ್ದ ಚರ್ಚಿಲ್‌ಗೆ ತಾನು ಅಚ್ಚು ಹಾಕುತ್ತಿರುವುದು ಯಾರ ಪುಸ್ತಕ ಎಂಬುದೇ ತಿಳಿದಿರಲಿಲ್ಲ. ಮೊದಲಿಗೆ ಗುಟ್ಟು ತಿಳಿದಿದ್ದವರು ನಾಲ್ವರು: ಆ್ಯನ್, ವಿಲಿಯಂ, ಐರ್ಲೆಂಡ್, ಮತ್ತು ಇನ್ನೊಬ್ಬ ಗೆಳೆಯ ರಾಬರ್ಟ್ ಕಾಕ್ಸ್.

ಬೆಲೆಯ ಸಂಗತಿಯೂ ಕುತೂಹಲದ್ದೇ. ಪುಸ್ತಕಕ್ಕೆ ಏಳೂವರೆ ಶಿಲಿಂಗ್, ಅಂದರೆ ತೊಂಬತ್ತು ಪೆನ್ನಿ. ಆ ಹಣಕ್ಕೆ ಇವನದೇ ವಾರಪತ್ರಿಕೆಯ ಅರವತ್ತು ಸಂಚಿಕೆಗಳು ಬರುತ್ತಿದ್ದವು. ಅಗ್ಗದ ಓದಿಗೆ ಹೆಸರಾದ ಮನುಷ್ಯ ತನ್ನ ಪುಸ್ತಕವನ್ನು ಮೊದಲು ಸಿರಿವಂತರ ಹಜಾರಕ್ಕೆ ಕಳುಹಿಸಿ, ಅಲ್ಲಿ ಮಾತಿಗೆ ಬಿದ್ದ ಮೇಲೆ, 1847ರಲ್ಲಿ, ಎರಡೂವರೆ ಶಿಲಿಂಗಿನ ಜನಪ್ರಿಯ ಆವೃತ್ತಿ ಬರುವಂತೆ ಮಾಡಿದ. ಈ ನಡೆಯಲ್ಲಿ ನನಗೆ ಕಾಣುವುದು ವಿಜ್ಞಾನಿಯಲ್ಲ, ಪಕ್ಕಾ ಪ್ರಕಾಶಕ. ಹೆಸರಿಲ್ಲದಿರುವುದೂ ಮಾರಾಟಕ್ಕೆ ನೆರವಾಯಿತು. ಇದನ್ನು ಬರೆದವರು ಯಾರು ಎಂಬ ಪ್ರಶ್ನೆ ಲಂಡನ್ನಿನ ಔತಣಕೂಟಗಳ ಆಟವಾಯಿತು; ಭೂವಿಜ್ಞಾನಿ ಲಯೆಲ್, ಕಾದಂಬರಿಕಾರ ಥ್ಯಾಕರೆ, ಏಡಾ ಲವ್‌ಲೇಸ್, ಸಂಸದ ರಿಚರ್ಡ್ ವಿವಿಯನ್, ಕೊನೆಗೆ ರಾಣಿಯ ಪತಿ ಆಲ್ಬರ್ಟ್‌ವರೆಗೆ ಎಲ್ಲರ ಮೇಲೂ ಗುಮಾನಿ ಹರಿಯಿತು. ಆಲ್ಬರ್ಟ್ ಅದನ್ನು ಬರೆಯಲಿಲ್ಲವಾದರೂ ವಿಕ್ಟೋರಿಯಾ ರಾಣಿಗೆ ಓದಿ ಹೇಳಿದ. 1860ರ ಹೊತ್ತಿಗೆ ಬ್ರಿಟನ್ನಿನಲ್ಲಿ ಹನ್ನೊಂದು ಆವೃತ್ತಿಗಳು, ಇಪ್ಪತ್ತು ಸಾವಿರಕ್ಕೂ ಹೆಚ್ಚು ಪ್ರತಿಗಳು.

ಕುತೂಹಲಿ:

ಇಬ್ಬರಿಗೂ ಕೃತಜ್ಞತೆಗಳು. ಕೈಬರಹದ ಸಂಗತಿ ನನಗೆ ಹೊಸದು. ಆದರೆ ಎರಡನೆಯ ಪ್ರಶ್ನೆ ಹಾಗೆಯೇ ಉಳಿದಿದೆ. ಅಚ್ಚುಮೊಳೆಯವರು ‘ವಿಜ್ಞಾನಿಯಲ್ಲ, ಪಕ್ಕಾ ಪ್ರಕಾಶಕ’ ಎಂದು ಹೇಳಿ ಮುಂದೆ ಹೋದರು. ಪುಸ್ತಕದೊಳಗಿನ ವಿಜ್ಞಾನ ಎಷ್ಟರಮಟ್ಟಿನದು? ಡಾರ್ವಿನ್, ಜೀವವಿಜ್ಞಾನಿ ಹಕ್ಸ್‌ಲಿ ಮೊದಲಾದವರು ಅದನ್ನು ಕಟುವಾಗಿ ಟೀಕಿಸಿದ್ದು ಬರಿಯ ಹೊಟ್ಟೆಕಿಚ್ಚಿನಿಂದಲೇ, ಅಥವಾ ಕಾರಣವಿತ್ತೇ?

ಶಿಲಾಪದರ:

ಕಾರಣವಿತ್ತು, ಬೇಕಾದಷ್ಟಿತ್ತು. ಆದರೂ ಆ ಪುಸ್ತಕವನ್ನು ತಳ್ಳಿಹಾಕುವವರು ಅದರ ಒಳ್ಳೆಯ ಪುಟಗಳನ್ನು ಓದಿರುವುದಿಲ್ಲ ಎಂಬುದು ನನ್ನ ದೂರು.

ಮೊದಲು ತಪ್ಪುಗಳು. ಓಟ್ಸ್ ಪೈರನ್ನು ತೆನೆ ಬಿಡಲು ಬಿಡದೆ ಕೊಯ್ಯುತ್ತಾ ಬಂದರೆ ಅದು ರೈ ಧಾನ್ಯವಾಗಿ ಮಾರ್ಪಡುತ್ತದೆ ಎಂಬ ರೈತರ ನಂಬಿಕೆಯನ್ನು ಚೇಂಬರ್ಸ್ ಒಂದು ಜೀವಿ ಇನ್ನೊಂದಾಗುವುದಕ್ಕೆ ಪುರಾವೆಯಾಗಿ ಕೊಟ್ಟ. ಆ್ಯಂಡ್ರೂ ಕ್ರಾಸ್ ಎಂಬಾತ ದ್ರಾವಣವೊಂದರಲ್ಲಿ ವಿದ್ಯುತ್ ಹರಿಯಿಸುತ್ತಿದ್ದಾಗ ಸಣ್ಣ ಹುಳಗಳು ಕಾಣಿಸಿಕೊಂಡವೆಂಬ ವರದಿಯನ್ನು, ನಿರ್ಜೀವದಿಂದ ಜೀವ ಹುಟ್ಟುವುದಕ್ಕೆ ಸಾಕ್ಷಿಯೆಂದು ಹಿಡಿದ. ಪ್ರಾಣಿಗಳೆಲ್ಲ ಐದೈದರ ವರ್ತುಲಗಳಲ್ಲಿ ಜೋಡಿಕೊಂಡಿವೆ ಎಂಬ, ಆಗಲೇ ಹಳತಾಗುತ್ತಿದ್ದ ವರ್ಗೀಕರಣವನ್ನು ನೆಚ್ಚಿಕೊಂಡ. ಪುಸ್ತಕ ಓದಿದ ಡಾರ್ವಿನ್ ತನ್ನ ಗೆಳೆಯ ಹೂಕರ್‌ಗೆ ಬರೆದ ಪತ್ರದಲ್ಲಿ ಬರಹದ ಶೈಲಿಯನ್ನು ಹೊಗಳಿ, ಭೂವಿಜ್ಞಾನ ಕೆಟ್ಟದ್ದು, ಪ್ರಾಣಿವಿಜ್ಞಾನ ಇನ್ನೂ ಕೆಟ್ಟದ್ದು ಎಂಬ ತೀರ್ಪು ಕೊಟ್ಟ. ಕೇಂಬ್ರಿಜ್‌ನ ಭೂವಿಜ್ಞಾನಿ ಆ್ಯಡಂ ಸೆಜ್‌ವಿಕ್ 1845ರಲ್ಲಿ ‘ಎಡಿನ್‌ಬರೋ ರಿವ್ಯೂ’ದಲ್ಲಿ ಎಂಬತ್ತಕ್ಕೂ ಹೆಚ್ಚು ಪುಟಗಳ ಖಂಡನೆ ಬರೆದ; ಪುಸ್ತಕ ಇಷ್ಟು ಅವಸರದ ತೀರ್ಮಾನಗಳಿಗೆ ಹಾರುವುದನ್ನು ಕಂಡು ಇದು ಹೆಂಗಸಿನ ಬರಹವೇ ಇರಬೇಕೆಂದು ಮೊದಲು ಎಣಿಸಿದ್ದನಂತೆ, ಆ ಕಾಲದ ಪಂಡಿತರ ಬುದ್ಧಿಗೆ ಅದೂ ಒಂದು ಮಾದರಿ. ಕಲ್ಲುಕುಟಿಗನಾಗಿ ದುಡಿದು ಪಳೆಯುಳಿಕೆಗಳ ತಜ್ಞನಾದ, ಫ್ರೀ ಚರ್ಚಿನ ಪತ್ರಿಕೆ ‘ದ ವಿಟ್ನೆಸ್’ನ ಸಂಪಾದಕ ಹ್ಯೂ ಮಿಲ್ಲರ್, ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳ ಪಳೆಯುಳಿಕೆ ಮೀನುಗಳನ್ನು ಮುಂದಿಟ್ಟುಕೊಂಡು ಇದಕ್ಕೆ ಉತ್ತರವಾಗಿಯೇ 1849ರಲ್ಲಿ ಒಂದು ಪುಸ್ತಕ ಬರೆದ. ಅತಿ ಪುರಾತನ ಮೀನುಗಳು ಸಣ್ಣವೂ ಸರಳವೂ ಆಗಿರಬೇಕಿತ್ತಲ್ಲ, ಅವು ಇಷ್ಟು ದೊಡ್ಡವೂ ಸಂಕೀರ್ಣವೂ ಆಗಿರುವುದೇಕೆ ಎಂಬುದು ಅವನ ವಾದ.

ಈಗ ಒಳ್ಳೆಯ ಪುಟಗಳಲ್ಲಿ ಒಂದನ್ನು ತೋರಿಸುತ್ತೇನೆ. ಜೀವಿಗಳು ಸಾವಿರಾರು ತಲೆಮಾರು ತಮ್ಮಂಥವನ್ನೇ ಹೆರುವುದನ್ನು ನಾವು ನೋಡುತ್ತೇವೆ. ಹಾಗಿರುವಾಗ ಒಂದು ಬಗೆ ಇನ್ನೊಂದಾಗುವುದು ನಿಸರ್ಗನಿಯಮಕ್ಕೆ ವಿರುದ್ಧವಲ್ಲವೇ ಎಂಬುದು ಎಲ್ಲರ ಆಕ್ಷೇಪ. ಇದಕ್ಕೆ ಚೇಂಬರ್ಸ್ ಉತ್ತರ ಹುಡುಕಿದ್ದು ಚಾರ್ಲ್ಸ್ ಬ್ಯಾಬೇಜ್‌ನ ಲೆಕ್ಕದ ಯಂತ್ರದಲ್ಲಿ. ಯಂತ್ರದ ಮುಂದೆ ಒಬ್ಬ ಕುಳಿತಿದ್ದಾನೆ ಎಂದುಕೊಳ್ಳಿ. ಅದು 1, 2, 3 ಎಂದು ಒಂದೊಂದಾಗಿ ಅಂಕಿಗಳನ್ನು ತೋರಿಸುತ್ತಾ ಹೋಗುತ್ತದೆ, ಹತ್ತು ಕೋಟಿ ಒಂದರವರೆಗೂ ಲೆಕ್ಕ ತಪ್ಪುವುದಿಲ್ಲ. ಇಷ್ಟು ಕಾಲ ನೋಡಿದವನು, ಒಂದೊಂದೇ ಕೂಡಿಸುವುದು ಇದರ ನಿಯಮ ಎಂದು ಪ್ರಮಾಣ ಮಾಡಿ ಹೇಳಬಲ್ಲ. ಆದರೆ ಮುಂದಿನ ಅಂಕಿಯಾಗಿ 100000002 ಬರಬೇಕಾದ ಕಡೆ 100010002 ಬರುತ್ತದೆ. ಯಂತ್ರ ಕೆಟ್ಟಿಲ್ಲ, ಯಾರೂ ಕೈಹಾಕಿಲ್ಲ. ಅಲ್ಲಿಗೆ ಬಂದಾಗ ಹೀಗೆ ತಿರುಗಬೇಕೆಂಬುದು ಅದನ್ನು ಕಟ್ಟಿದಾಗಲೇ ಅದರೊಳಗಿತ್ತು. ನಾವು ಕಣ್ಣಾರೆ ಕಂಡ ಮನುಷ್ಯಚರಿತ್ರೆಯ ಕೆಲವು ಸಾವಿರ ವರ್ಷಗಳು ಆ ಸುದೀರ್ಘ ಎಣಿಕೆಯ ಒಂದು ತುಣುಕು ಮಾತ್ರ. ಮೀನು ಮೀನನ್ನೇ ಹೆರುತ್ತಿರುವುದು ನಿಯಮದ ಒಂದು ಭಾಗ, ಎಂದೋ ಒಮ್ಮೆ ಅದಕ್ಕಿಂತ ಮೇಲಿನದನ್ನು ಹೆರುವುದೂ ಅದೇ ನಿಯಮದ ಇನ್ನೊಂದು ಭಾಗ. ದೇವರನ್ನು ಅವನು ಅಲ್ಲಗಳೆಯಲಿಲ್ಲ ಎಂಬುದನ್ನೂ ಗಮನಿಸಿ; ದೇವರು ಮತ್ತೆಮತ್ತೆ ಬಂದು ತಿದ್ದುವ ಕೆಲಸಗಾರನಲ್ಲ, ಮೊದಲೇ ನಿಯಮ ಬರೆದಿಟ್ಟವನು ಎಂದ. ಡಾರ್ವಿನ್ನನ ನೈಸರ್ಗಿಕ ಆಯ್ಕೆಗೂ ಇದಕ್ಕೂ ಸಂಬಂಧವಿಲ್ಲ. ಬದಲಾವಣೆ ಹೇಗೆ ನಡೆಯುತ್ತದೆಂಬ ಯಾಂತ್ರಿಕ ವಿವರಣೆ ಚೇಂಬರ್ಸ್ ಬಳಿ ಇರಲೇ ಇಲ್ಲ. ಆದರೂ, ನೀಹಾರಿಕೆಯಿಂದ ಸೂರ್ಯಮಂಡಲ, ಬಂಡೆಗಳ ಪದರಗಳಲ್ಲಿ ಮೊದಲು ಕೆಳಮಟ್ಟದ ಜೀವಿಗಳು ಆಮೇಲೆ ಮೇಲ್ಮಟ್ಟದವು, ಭ್ರೂಣದ ಬೆಳವಣಿಗೆಯಲ್ಲಿ ಅದೇ ಏರಿಕೆ ಎಂದು ಬಿಡಿಬಿಡಿಯಾಗಿದ್ದ ವಿಜ್ಞಾನಗಳನ್ನೆಲ್ಲ ಒಂದು ಕಥೆಯಾಗಿ ಪೋಣಿಸಿ ಸಾಮಾನ್ಯ ಓದುಗನ ಮುಂದಿಟ್ಟವರು ಇಂಗ್ಲಿಷಿನಲ್ಲಿ ಅವನಿಗಿಂತ ಮೊದಲು ಇರಲಿಲ್ಲ. ಅದನ್ನು ಓದಿದವರಲ್ಲಿ, ಮುಂದೆ ಡಾರ್ವಿನ್ನನಂತೆಯೇ ನೈಸರ್ಗಿಕ ಆಯ್ಕೆಯನ್ನು ಕಂಡುಕೊಂಡ ಆಲ್ಫ್ರೆಡ್ ರಸೆಲ್ ವಾಲೇಸ್ ಎಂಬ ತರುಣನೂ ಇದ್ದ. ಇದು ಸಿದ್ಧಪಟ್ಟ ಸತ್ಯವಲ್ಲದಿದ್ದರೂ ಪರೀಕ್ಷಿಸಿ ನೋಡಬೇಕಾದ ಊಹೆ ಎಂದು 1845ರಲ್ಲಿ ಗೆಳೆಯ ಬೇಟ್ಸ್‌ಗೆ ಬರೆದ ಅವನು, ಮೂರು ವರ್ಷಗಳ ನಂತರ ಬೇಟ್ಸ್ ಜೊತೆಗೇ ಅಮೆಜಾನಿಗೆ ಹಡಗು ಹತ್ತಿದ.

ಇನ್ನು ನಿಸರ್ಗಶಾಸ್ತ್ರಜ್ಞ ಎಂಬ ಬಿರುದಿನ ಮಾತು. ತಜ್ಞರ ಮೂದಲಿಕೆಯ ನಂತರ ಚೇಂಬರ್ಸ್ ಮಾಡಿದ್ದೇನು ಗೊತ್ತೇ? ಅಳತೆಯ ಉಪಕರಣ ಹಿಡಿದು ಬಯಲಿಗೆ ಇಳಿದ. ಸ್ಕಾಟ್ಲೆಂಡಿನ ನದೀಕಣಿವೆಗಳ ಬದಿಗಳಲ್ಲೂ ಕಡಲತೀರದ ಮೇಲೂ ಮೆಟ್ಟಿಲುಗಳಂತೆ ಕಾಣುವ ಸಮತಟ್ಟು ಜಗಲಿಗಳ ಎತ್ತರವನ್ನು ಒಂದೊಂದಾಗಿ ಅಳೆದು, ಅವು ಹಿಂದೊಮ್ಮೆ ಸಮುದ್ರ ನಿಂತಿದ್ದ ಅಂಚುಗಳೆಂದು ವಾದಿಸುವ ‘ಏನ್ಷಿಯೆಂಟ್ ಸೀ ಮಾರ್ಜಿನ್ಸ್’ ಪುಸ್ತಕವನ್ನು 1848ರಲ್ಲಿ, ಈ ಬಾರಿ ತನ್ನ ಹೆಸರಿನಲ್ಲೇ, ಪ್ರಕಟಿಸಿದ. ಗ್ಲೆನ್ ರಾಯ್ ಕಣಿವೆಯ ಗುಡ್ಡಗಳ ಮೇಲೆ ಸುಮಾರು 260, 325 ಮತ್ತು 350 ಮೀಟರ್ ಎತ್ತರದಲ್ಲಿ ಗೆರೆ ಎಳೆದಂತೆ ಓಡುವ ಮೂರು ‘ಸಮಾನಾಂತರ ರಸ್ತೆಗಳು’ ಅವನ ಮಟ್ಟಿಗೆ ಸಮುದ್ರದ ದಡಗಳೇ. ಅಲ್ಲಿ ಅವನು ಎಡವಿದ. ಹಿಮನದಿಯೊಂದು ಕಣಿವೆಯ ಬಾಯಿಗೆ ಅಡ್ಡಗಟ್ಟಿದಾಗ ನಿಂತ ಸರೋವರದ ದಡಗಳವು ಎಂಬ ಸ್ವಿಸ್ ವಿಜ್ಞಾನಿ ಅಗಾಸಿಜ್‌ನ ವಿವರಣೆಯೇ ಗೆದ್ದಿತು. ಆದರೆ ಅದೇ ತಪ್ಪನ್ನು 1839ರಲ್ಲಿ ಡಾರ್ವಿನ್ನನೂ ಮಾಡಿದ್ದ, ಆದ್ದರಿಂದ ಸಂಗಾತಿ ಕೆಟ್ಟವನೇನಲ್ಲ. ಮುಂದೆ 1849ರಲ್ಲಿ ನಾರ್ವೆ, ಸ್ವೀಡನ್, 1855ರಲ್ಲಿ ಐಸ್‌ಲೆಂಡ್ ಮತ್ತು ಫಾರೋ ದ್ವೀಪಗಳನ್ನು ಸುತ್ತಿ, ಬಂಡೆಗಳ ಮೇಲೆ ಹಿಮ ಉಜ್ಜಿದ ಗೀರುಗಳನ್ನು ಕಂಡು, ಸ್ಕಾಟ್ಲೆಂಡಿನ ಮೇಲೂ ಹಿಮ ಹರಿದಿತ್ತೆಂಬುದನ್ನು ಒಪ್ಪಿ ಬರೆದವನೂ ಅವನೇ. ಕಾಲಿನ ನೋವಿನೊಂದಿಗೆ ಬೆಳೆದ ಮನುಷ್ಯ ಗುಡ್ಡ ಹತ್ತಿ ಮಟ್ಟ ಅಳೆದ. ನನ್ನ ಲೆಕ್ಕದಲ್ಲಿ ಅವನು ನಿಸರ್ಗಶಾಸ್ತ್ರಜ್ಞನೇ.

ಹಳೆಹೊತ್ತಗೆ:

ಶಿಲಾಪದರ ಅವರ ಬ್ಯಾಬೇಜ್ ಯಂತ್ರದ ವಿವರಣೆ ಸೊಗಸಾಗಿದೆ. ಆದರೆ ಅಚ್ಚುಮೊಳೆಯವರು ಗುಟ್ಟನ್ನು ಪೂರ್ತಿ ವ್ಯಾಪಾರದ ಲೆಕ್ಕಕ್ಕೆ ಜಮೆ ಮಾಡಿದ್ದನ್ನು ನಾನು ಒಪ್ಪಲಾರೆ.

ಹೆಸರನ್ನು ಏಕೆ ಹೇಳಲಿಲ್ಲವೆಂದು ಅಳಿಯನೊಬ್ಬ ಕೇಳಿದಾಗ ಚೇಂಬರ್ಸ್ ತನ್ನ ಮನೆಯ ಕಡೆ ಕೈ ತೋರಿಸಿ, ತನಗೆ ಹನ್ನೊಂದು ಕಾರಣಗಳಿವೆ ಎಂದನಂತೆ. ಬದುಕುಳಿದ ಮಕ್ಕಳು ಅಷ್ಟು ಮಂದಿ. ಈ ಮಾತನ್ನು ನಗೆಚಾಟಿಕೆ ಎಂದು ಎಲ್ಲರೂ ಉದ್ಧರಿಸುತ್ತಾರೆ, ನನಗೆ ಮಾತ್ರ ಅದರಲ್ಲಿ ನಗು ಕಾಣುವುದಿಲ್ಲ. ತಂದೆಯ ಒಂದು ಧಾರಾಳತನದಿಂದ ಪೀಬಲ್ಸಿನ ಮನೆ ಮುಳುಗಿದ್ದನ್ನು ಹತ್ತು ಹನ್ನೊಂದರ ವಯಸ್ಸಿನಲ್ಲಿ ಕಂಡವನು ಅವನು. ಆಮೇಲೆ ಎಡಿನ್‌ಬರೋ ಹೊರವಲಯದ ಉಪ್ಪಿನ ಕಾರ್ಖಾನೆಯೊಂದರಲ್ಲಿ ತಂದೆ ನೌಕರಿಗೆ ನಿಂತಾಗ, ಹೊಗೆ ಹಿಡಿದ ಆ ಜಾಗದಲ್ಲಿ ಅವನೂ ಬಾಳಿದ್ದ. ತಾನು ನಂಬಿದ ಸತ್ಯಕ್ಕಾಗಿ ಮನೆಯನ್ನು ಎರಡನೆಯ ಬಾರಿ ಮುಳುಗಿಸಲು ಸಿದ್ಧನಿಲ್ಲದವನನ್ನು ಲೆಕ್ಕಾಚಾರದವನೆನ್ನುವುದು ಸ್ವಲ್ಪ ಒರಟಾಯಿತು.

ಭಯ ಆಧಾರವಿಲ್ಲದ್ದೂ ಆಗಿರಲಿಲ್ಲ. 1848ರಲ್ಲಿ ಎಡಿನ್‌ಬರೋದ ಲಾರ್ಡ್ ಪ್ರೊವೋಸ್ಟ್, ಅಂದರೆ ನಗರದ ಮೇಯರ್ ಹುದ್ದೆಗೆ, ಅವನ ಹೆಸರು ಬಂದಿತ್ತು. ಆ ಅನಾಮಧೇಯ ಪುಸ್ತಕ ಬರೆದವನು ಇವನೇ ಅಲ್ಲವೇ ಎಂಬ ಕೂಗು ಎದ್ದಿತು. ಒಪ್ಪಿಕೊಂಡರೆ ಸಂಸ್ಥೆ ಹೋಗುತ್ತದೆ, ಅಲ್ಲವೆಂದರೆ ಸುಳ್ಳಾಗುತ್ತದೆ. ಅವನು ಎರಡನ್ನೂ ಮಾಡದೆ ಸ್ಪರ್ಧೆಯಿಂದ ಹಿಂದೆ ಸರಿದ. ವ್ಯಾಪಾರವೊಂದೇ ಮುಖ್ಯವಾಗಿದ್ದರೆ ‘ನಾನಲ್ಲ’ ಎಂದು ಒಂದು ಸಾಲು ಅಚ್ಚು ಹಾಕಿಸುವುದು ಅವನಂಥ ಪ್ರಕಾಶಕನಿಗೆ ಎಷ್ಟು ಹೊತ್ತಿನ ಕೆಲಸ?

ಅಷ್ಟು ಹೊತ್ತಿಗೆ ಬಲ್ಲವರು ಬಲ್ಲವರಾಗಿದ್ದರು ಎಂಬುದನ್ನೂ ಸೇರಿಸಬೇಕು. 1847ರಲ್ಲಿ ಚೇಂಬರ್ಸ್‌ನನ್ನು ಭೇಟಿಯಾದ ಮೇಲೆ, ಪುಸ್ತಕದ ಹೊಸ ಆವೃತ್ತಿಯೊಂದು ಕಾಣಿಕೆಯಾಗಿ ಬಂದದ್ದನ್ನೂ ಕಂಡು, ಬರೆದವನು ಇವನೇ ಎಂದು ಡಾರ್ವಿನ್ ಹೂಕರ್‌ಗೆ ಖಚಿತವಾಗಿ ಬರೆದ.

ಉಳಿದ ಕೆಲಸಗಳನ್ನು ಇಲ್ಲಿ ಹೇಳಲು ಹೊರಟರೆ ಮುಗಿಯುವುದಿಲ್ಲ. ಕವಿ ರಾಬರ್ಟ್ ಬರ್ನ್ಸ್‌ನ ಜೀವನ ಮತ್ತು ಕೃತಿಗಳ ಸಂಪುಟಗಳನ್ನು 1851ರಲ್ಲಿ ಸಂಪಾದಿಸಿದಾಗ ಬಂದ ಲಾಭದಲ್ಲಿ ಒಂದು ಭಾಗವನ್ನು ಬರ್ನ್ಸ್‌ನ ಬಡ ತಂಗಿ ಇಸಬೆಲ್ಲಾ ಬೆಗ್ ಕುಟುಂಬಕ್ಕೆ ಕೊಟ್ಟ. ಸಂಸ್ಥೆಯ ವಿಶ್ವಕೋಶ 1859ರಿಂದ 1868ರವರೆಗೆ 520 ಬಿಡಿ ಸಂಚಿಕೆಗಳಾಗಿ ಹೊರಬಂದು ಹತ್ತು ಸಂಪುಟಗಳಾಯಿತು. ವರ್ಷದ ಒಂದೊಂದು ದಿನಕ್ಕೂ ಚರಿತ್ರೆ, ಆಚರಣೆ, ವಿನೋದಗಳನ್ನು ಜೋಡಿಸಿದ ‘ಬುಕ್ ಆಫ್ ಡೇಸ್’ಗಾಗಿ ಬ್ರಿಟಿಷ್ ಮ್ಯೂಸಿಯಂನಲ್ಲಿ ಕೂಡುವ ಸಲುವಾಗಿ ಲಂಡನ್ನಿಗೆ ಹೋಗಿ ನೆಲಸಿದ, ಆ ದುಡಿಮೆ ಅವನ ಆರೋಗ್ಯವನ್ನು ತಿಂದುಹಾಕಿತು. ಅದೇ ಅವಧಿಯಲ್ಲಿ, 1863ರಲ್ಲಿ, ಹಸ್ತಪ್ರತಿ ನಕಲು ಮಾಡಿದ್ದ ಆ್ಯನ್ ತೀರಿಕೊಂಡಳು. ಕೊನೆಯ ವರ್ಷಗಳಲ್ಲಿ ಅವನು ಪ್ರೇತಾತ್ಮಗಳನ್ನು ಕರೆಯುವ ಕೂಟಗಳಿಗೆ ಹೋಗುತ್ತಿದ್ದ, ಪ್ರೇತಾತ್ಮಗಳನ್ನು ಮಾತಾಡಿಸುವವನೆಂದು ಹೆಸರಾಗಿದ್ದ ಡೇನಿಯಲ್ ಡಂಗ್ಲಸ್ ಹೋಮ್‌ನ ಆತ್ಮಕಥೆಗೆ ಮುನ್ನುಡಿ ಬರೆದ ಎಂಬುದನ್ನು ಅವನ ಅಭಿಮಾನಿಗಳು ಸಾಮಾನ್ಯವಾಗಿ ಮರೆಮಾಚುತ್ತಾರೆ. ಆ ಮುನ್ನುಡಿಗೂ ಹೆಸರು ಹಾಕಲಿಲ್ಲ.

ಅಚ್ಚುಮೊಳೆ:

1848ರ ಪ್ರಸಂಗದ ಮಟ್ಟಿಗೆ ಸೋತೆ. ಸುಳ್ಳು ಹೇಳುವ ಅವಕಾಶವಿದ್ದೂ ಹೇಳಲಿಲ್ಲ ಎಂಬುದಕ್ಕೆ ನನ್ನ ವ್ಯಾಪಾರದ ಲೆಕ್ಕದಲ್ಲಿ ಉತ್ತರವಿಲ್ಲ.

ಕುತೂಹಲಿಯವರು ಹಕ್ಸ್‌ಲಿಯ ಹೆಸರೆತ್ತಿದ್ದರು, ಅದನ್ನು ಯಾರೂ ಮುಟ್ಟಲಿಲ್ಲ. ಥಾಮಸ್ ಹಕ್ಸ್‌ಲಿ 1854ರಲ್ಲಿ ಪುಸ್ತಕದ ಹತ್ತನೆಯ ಆವೃತ್ತಿಗೆ ಬರೆದ ವಿಮರ್ಶೆ ಎಷ್ಟು ಕ್ರೂರವಾಗಿತ್ತೆಂದರೆ, ಮುಂದೆ ಅವನೇ ಅದಕ್ಕಾಗಿ ವಿಷಾದಪಟ್ಟ. ಆರು ವರ್ಷಗಳ ನಂತರ, 1860ರ ಜೂನ್ ಕೊನೆಯಲ್ಲಿ, ಆಕ್ಸ್‌ಫರ್ಡಿನಲ್ಲಿ ವಿಜ್ಞಾನಿಗಳ ಸಂಘವಾದ ಬ್ರಿಟಿಷ್ ಅಸೋಸಿಯೇಷನ್ ಸಭೆ ಸೇರಿತ್ತು. ಶನಿವಾರ ಬಿಷಪ್ ವಿಲ್ಬರ್‌ಫೋರ್ಸ್ ಡಾರ್ವಿನ್ನನ ಮೇಲೆ ಹರಿಹಾಯಲಿದ್ದಾನೆ ಎಂಬ ಸುದ್ದಿಯಿತ್ತು. ಹಕ್ಸ್‌ಲಿಗೆ ಅದನ್ನು ಕೇಳುತ್ತಾ ಕೂಡುವ ಮನಸ್ಸಿರಲಿಲ್ಲ, ಊರು ಬಿಡಲು ನಿಶ್ಚಯಿಸಿದ್ದ. ಶುಕ್ರವಾರ ಬೀದಿಯಲ್ಲಿ ರಾಬರ್ಟ್ ಚೇಂಬರ್ಸ್ ಎದುರಾದ. ಹೊರಡುವ ಮಾತು ಕೇಳಿದ್ದೇ ತಡ, ನಮ್ಮನ್ನು ಕೈಬಿಟ್ಟು ಹೋಗುತ್ತೀಯಾ ಎಂದು ಅವನು ಬಿರುಸಾಗಿ ಆಕ್ಷೇಪಿಸಿದ. ಸರಿ, ಬರುತ್ತೇನೆ ಎಂದ ಹಕ್ಸ್‌ಲಿ. ಮರುದಿನ ಬಿಷಪ್ಪನಿಗೂ ಅವನಿಗೂ ನಡೆದ ವಾಗ್ವಾದ ವಿಜ್ಞಾನದ ಎಲ್ಲ ಇತಿಹಾಸಗಳಲ್ಲೂ ಇದೆ. ಮರುವರ್ಷ ಡಾರ್ವಿನ್ ತನ್ನ ಗ್ರಂಥದ ಮೂರನೆಯ ಆವೃತ್ತಿಗೆ ಸೇರಿಸಿದ ಚಾರಿತ್ರಿಕ ಟಿಪ್ಪಣಿಯಲ್ಲಿ, ‘ವೆಸ್ಟಿಜಸ್’ ಜನರ ಗಮನವನ್ನು ಈ ವಿಷಯದತ್ತ ಸೆಳೆದು, ಪೂರ್ವಗ್ರಹವನ್ನು ತೊಡೆದು ನೆಲ ಹದ ಮಾಡಿತೆಂದು ಒಪ್ಪಿಕೊಂಡ.

ರಾಬರ್ಟ್ 1871ರ ಮಾರ್ಚ್ 17ರಂದು ಸೇಂಟ್ ಆ್ಯಂಡ್ರೂಸ್‌ನಲ್ಲಿ ತೀರಿಕೊಂಡ. ಅಲ್ಲಿನ ಪಾಳುಬಿದ್ದ ಕೆಥೆಡ್ರಲ್ ಆವರಣದ ಸೇಂಟ್ ರೆಗ್ಯುಲಸ್ ಚರ್ಚಿನೊಳಗೆ ಮಣ್ಣು ಮಾಡಿದರು. ಮರುವರ್ಷ ವಿಲಿಯಂ ತಮ್ಮನ ಜೀವನಚರಿತ್ರೆ ಬರೆದ. ಅದರಲ್ಲಿ ಅಟ್ಟದ ಪೆಟ್ಟಿಗೆ ಇದೆ, ಲೀತ್ ವಾಕ್ ಅಂಗಡಿ ಇದೆ, ಕಿರುಗುಟ್ಟುವ ಯಂತ್ರವೂ ಇದೆ. ‘ವೆಸ್ಟಿಜಸ್’ ತಮ್ಮನದೆಂಬ ಮಾತು ಇಲ್ಲ. ವಿಲಿಯಂ 1883ರಲ್ಲಿ ಸತ್ತ. ಮೊದಲಿನ ನಾಲ್ವರಲ್ಲಿ ಮ್ಯಾಂಚೆಸ್ಟರಿನ ಅಲೆಕ್ಸಾಂಡರ್ ಐರ್ಲೆಂಡ್ ಒಬ್ಬನೇ ಉಳಿದಿದ್ದ. 1884ರಲ್ಲಿ ಅವನ ಮುನ್ನುಡಿಯೊಂದಿಗೆ ಬಂದ ಹನ್ನೆರಡನೆಯ ಆವೃತ್ತಿಯಲ್ಲಿ, ಪುಸ್ತಕ ಹೊರಬಂದ ನಲವತ್ತು ವರ್ಷಗಳ ಮೇಲೆ, ರಾಬರ್ಟ್ ಚೇಂಬರ್ಸ್ ಎಂಬ ಹೆಸರು ಮೊದಲ ಬಾರಿಗೆ ಮುಖಪುಟದಲ್ಲಿ ಅಚ್ಚಾಯಿತು.